ಒಬ್ಬ ಬಟ್ಟೆ ವ್ಯಾಪಾರಿಯ ನೆನಪು

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಆಂತರಿಕ ವ್ಯಾಪಾರ ಎಂಬ ಅಧ್ಯಾಯವಿದೆ. ಅಂಚೆಯ ಮೂಲಕ ವ್ಯಾಪಾರ ಮಾಡುವ ಮಳಿಗೆಗಳ ಬಗ್ಗೆ ಅದರಲ್ಲಿ ಒಂದು ಸಣ್ಣ ಭಾಗ ಬರುತ್ತದೆ. ಅನುಕೂಲಗಳು ನಾಲ್ಕು, ಮಿತಿಗಳು ನಾಲ್ಕು ಬರೆದರೆ ಪರೀಕ್ಷೆಗೆ ಸಾಕು. ವಾಣಿಜ್ಯ ವಿಭಾಗದವರೆಲ್ಲ ಹಾಗೆಯೇ ಓದಿದ್ದೇವೆ. ಮೊಬೈಲಿನಲ್ಲಿ ಒತ್ತಿದರೆ ಸಾಮಾನು ಮನೆ ಬಾಗಿಲಿಗೆ ಬರುವ ಈ ಕಾಲದಲ್ಲಿ ಪೋಸ್ಟಿನಲ್ಲಿ ಬಟ್ಟೆ ತರಿಸಿಕೊಳ್ಳುವುದು ಹಳೆಯ ಕತೆ ಅನಿಸುತ್ತದೆ. ಆ ಪಾಠ ಮಾಡುವಾಗ ನಮ್ಮ ಉಪನ್ಯಾಸಕರು ಅಮೆರಿಕದ ಸಿಯರ್ಸ್ ರೋಬಕ್ ಎಂಬ ಕಂಪನಿಯ ಹೆಸರು ಹೇಳಿದರು. ಅದನ್ನು ಬೆಳೆಸಿದವರ ಜೀವನವನ್ನು ಯಾರಾದರೂ ಓದಿಕೊಂಡು ಬಂದು ಸೆಮಿನಾರ್ ಕೊಡಿ ಎಂದರು. ನಾನು ಕೈ ಎತ್ತಿದೆ. ಸೆಮಿನಾರ್ ಹತ್ತು ನಿಮಿಷಕ್ಕೆ ಮುಗಿಯಿತು. ಆದರೆ ಆ ಮನುಷ್ಯ ನನ್ನ ಮನಸ್ಸಿನಿಂದ ಹೋಗಲಿಲ್ಲ. ಅವರ ಹೆಸರು ಜೂಲಿಯಸ್ ರೋಸೆನ್‌ವಾಲ್ಡ್.

ಅವರು ಯಹೂದಿ. ನಮ್ಮ ಕಾಲೇಜಿನ ಪತ್ರಿಕೆಗೆ ಅವರ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿಯೊಬ್ಬಳು "ಬೇರೆ ಯಾರೂ ಸಿಗಲಿಲ್ಲವಾ?" ಎಂದು ಕೇಳಿದಳು. ಕೇಳಿದ್ದು ತಪ್ಪೇನಲ್ಲ. ಯಹೂದಿ ಎಂಬ ಪದ ನಮಗೆ ಟಿವಿ ಸುದ್ದಿಯಲ್ಲಿ, ಜಗಳದ ನಡುವೆಯೇ ಕೇಳಿಸುತ್ತದೆ. ನಮ್ಮ ಊರಿನಲ್ಲಿ ಒಬ್ಬ ಯಹೂದಿಯನ್ನೂ ನಾವು ಕಂಡವರಲ್ಲ. ನಾನು ಅವಳಿಗೆ, "ಇವರೂ ನಮ್ಮ ಅಬ್ಬಾನ ಹಾಗೆ ರೆಡಿಮೇಡ್ ಬಟ್ಟೆ ಮಾರುತ್ತಿದ್ದವರು, ಓದಿ ನೋಡು" ಎಂದೆ.

ನಮ್ಮ ಅಬ್ಬಾ ಸಂತೆಗಳಲ್ಲಿ ಮಕ್ಕಳ ಬಟ್ಟೆ ಮಾರುತ್ತಾರೆ. ರೋಸೆನ್‌ವಾಲ್ಡ್ ಅವರ ತಂದೆ ಸ್ಯಾಮ್ಯುಯೆಲ್ 1854ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂದವರು. ಮೊದಮೊದಲು ಅವರೂ ಊರೂರು ತಿರುಗಿ ಸಾಮಾನು ಮಾರಿದರು. ಮುಂದೆ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಬಟ್ಟೆ ಅಂಗಡಿ ನೋಡಿಕೊಂಡರು. ಅದು ಅಬ್ರಹಾಂ ಲಿಂಕನ್ ಅವರ ಊರು. ಲಿಂಕನ್ ಅಧ್ಯಕ್ಷರಾಗಿ ಆ ಊರು ಬಿಟ್ಟು ವಾಷಿಂಗ್ಟನ್‌ಗೆ ಹೋದ ಮರುವರ್ಷ, 1862ರ ಆಗಸ್ಟ್ 12ರಂದು, ಜೂಲಿಯಸ್ ಅಲ್ಲಿ ಹುಟ್ಟಿದರು.

ಅವರು ಹೈಸ್ಕೂಲನ್ನು ಪೂರ್ತಿ ಓದಲಿಲ್ಲ. ಹದಿನಾರು-ಹದಿನೇಳರ ವಯಸ್ಸಿನಲ್ಲಿ, ಅಂದರೆ ನಾವು ಪಿಯುಸಿಗೆ ಸೇರುವ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿದ್ದ ಸೋದರಮಾವಂದಿರ ಬಳಿಗೆ ಬಟ್ಟೆ ವ್ಯಾಪಾರ ಕಲಿಯಲು ಹೋದರು. ಮುಂದೆ ಐದು ಸಾವಿರ ಶಾಲೆಗಳಿಗೆ ಕಾರಣರಾದವರು ಸ್ವತಃ ಶಾಲೆ ಬಿಟ್ಟವರು ಎಂಬುದು ನನಗೆ ಮೊದಲು ನಂಬಲಾಗಲಿಲ್ಲ. ಸ್ವಂತ ಅಂಗಡಿ ಹಾಕಿದರು. ಆಮೇಲೆ ಗಂಡಸರ ಬೇಸಿಗೆ ಸೂಟುಗಳನ್ನು ಹೊಲಿಸಿ ಮಾರುವ ಉದ್ಯೋಗ ಹಿಡಿದು ಷಿಕಾಗೋಗೆ ಬಂದರು. 1890ರಲ್ಲಿ ಆಗಸ್ಟಾ ನಸ್‌ಬಾಮ್ ಅವರನ್ನು ಮದುವೆಯಾದರು.

ಅವರ ಗಿರಾಕಿಗಳಲ್ಲಿ ರಿಚರ್ಡ್ ಸಿಯರ್ಸ್ ಎಂಬವರೊಬ್ಬರಿದ್ದರು. ಅವರು ಕ್ಯಾಟಲಾಗ್ ಅಚ್ಚು ಹಾಕಿಸಿ ಹಳ್ಳಿಯ ರೈತರಿಗೆ ಅಂಚೆಯಲ್ಲಿ ಕಳಿಸಿ, ಬಂದ ಆರ್ಡರಿನಂತೆ ಸಾಮಾನು ಪಾರ್ಸೆಲ್ ಮಾಡುತ್ತಿದ್ದರು. ಜಾಹೀರಾತು ಬರೆಯುವುದರಲ್ಲಿ ಸಿಯರ್ಸ್ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಆರ್ಡರುಗಳು ರಾಶಿ ಬಿದ್ದು ಸಾಮಾನು ತಲುಪುವುದು ತಡವಾಗುತ್ತಿತ್ತು. 1895ರಲ್ಲಿ ರೋಸೆನ್‌ವಾಲ್ಡ್ ಮತ್ತು ಆಗಸ್ಟಾ ಅವರ ಅಣ್ಣ ಆರನ್ ನಸ್‌ಬಾಮ್ ಸೇರಿ 75,000 ಡಾಲರಿಗೆ ಕಂಪನಿಯ ಅರ್ಧ ಪಾಲು ಕೊಂಡರು. ಅಲ್ಲಿಂದ ರೋಸೆನ್‌ವಾಲ್ಡ್ ಅವರ ನಿಜವಾದ ಕೆಲಸ ಶುರುವಾಯಿತು. ಕ್ಯಾಟಲಾಗಿನಲ್ಲಿ ಬರೆದದ್ದೂ ಪೆಟ್ಟಿಗೆಯಲ್ಲಿ ಬಂದದ್ದೂ ಒಂದೇ ಆಗಿರಬೇಕು ಎಂದು ಅವರು ಹಟ ಹಿಡಿದರು. ಸರಕು ಪರೀಕ್ಷಿಸಲು ಕಂಪನಿಯಲ್ಲೇ ಪ್ರಯೋಗಾಲಯ ಬಂತು. ಪ್ರತಿ ಆರ್ಡರಿಗೂ ಹೊತ್ತು ಗೊತ್ತುಮಾಡಿ ಆ ಹೊತ್ತಿಗೆ ಅದು ರವಾನೆಯಾಗುವಂತೆ ವ್ಯವಸ್ಥೆಯಾಯಿತು. ಸಾಮಾನು ಹಿಡಿಸದಿದ್ದರೆ ಹಣ ವಾಪಸ್ ಎಂಬುದು ಕಂಪನಿಯ ಮಾತಾಗಿತ್ತು. ಆ ಮಾತನ್ನು ಉಳಿಸಿಕೊಂಡದ್ದರಿಂದಲೇ ಕಂಪನಿ ಬೆಳೆಯಿತು. 1908ರಲ್ಲಿ ಸಿಯರ್ಸ್ ಹೊರಬಿದ್ದ ಮೇಲೆ ರೋಸೆನ್‌ವಾಲ್ಡ್ ಅವರೇ ಅದನ್ನು ನಡೆಸಿದರು.

ಇದನ್ನು ಓದುವಾಗ ನನಗೆ ಸಂತೆ ನೆನಪಾಯಿತು. ಹಳ್ಳಿಯಿಂದ ಬರುವವರು ಮಗುವನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ. ಅಳತೆಗೆ ಒಂದು ದಾರ ತಂದಿರುತ್ತಾರೆ, ಇಲ್ಲವೆಂದರೆ ಕೈಯಲ್ಲೇ "ಇಷ್ಟೆತ್ತರ" ಎಂದು ತೋರಿಸುತ್ತಾರೆ. ಅಬ್ಬಾ ಅಂದಾಜಿನಲ್ಲಿ ಅಂಗಿ ಕೊಟ್ಟು, "ಸರಿಯಾಗದಿದ್ದರೆ ಮುಂದಿನ ವಾರ ತನ್ನಿ, ಬದಲಿ ಕೊಡ್ತೀನಿ" ಎನ್ನುತ್ತಾರೆ. ಚೀಟಿಯಿಲ್ಲ, ರಸೀದಿಯಿಲ್ಲ. ತಂದರೆ ಬದಲಿಸಿ ಕೊಡುತ್ತಾರೆ. ಗುಡ್‌ವಿಲ್ ಎಂಬುದಕ್ಕೆ ಲೆಕ್ಕಶಾಸ್ತ್ರದಲ್ಲಿ ಜರ್ನಲ್ ಎಂಟ್ರಿ ಬರೆಯುತ್ತೇವಲ್ಲ, ಅದು ಹುಟ್ಟುವುದು ಇಂಥ ಕಡೆಯೇ.

ಸಿಯರ್ಸ್ ಕ್ಯಾಟಲಾಗಿಗೆ ಇನ್ನೊಂದು ಗುಣವಿತ್ತು. ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರು ಅಂಗಡಿಗೆ ಹೋದರೆ ಬಿಳಿಯರೆಲ್ಲರ ವ್ಯಾಪಾರ ಮುಗಿಯುವವರೆಗೆ ಕಾಯಬೇಕಿತ್ತು. ಕೇಳಿದ್ದು ಕೊಡುತ್ತಾರೆಂಬ ಖಾತ್ರಿಯಿರಲಿಲ್ಲ. ಎಷ್ಟೋ ಕಡೆ ಜಮೀನ್ದಾರನದೇ ಅಂಗಡಿ, ಅಲ್ಲಿಯೇ ಸಾಲ. ಕ್ಯಾಟಲಾಗಿಗೆ ಆರ್ಡರ್ ಬರೆದು ಹಣ ಕಳಿಸಿದರೆ ಕೊಂಡವರ ಬಣ್ಣ ಯಾರಿಗೂ ಕಾಣುತ್ತಿರಲಿಲ್ಲ. ಬೆಲೆ ಎಲ್ಲರಿಗೂ ಒಂದೇ. ಇದನ್ನು ಇತಿಹಾಸಕಾರರು ಈಗ ಗುರುತಿಸುತ್ತಿದ್ದಾರೆ.

ರೋಸೆನ್‌ವಾಲ್ಡ್ ದೊಡ್ಡ ಶ್ರೀಮಂತರಾದರು. ಅವರು ಹೋಗುತ್ತಿದ್ದ ಷಿಕಾಗೋದ ಸಿನಾಯ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಎಮಿಲ್ ಹಿರ್ಷ್ ಎಂಬ ಧರ್ಮಗುರುಗಳಿದ್ದರು. ಬಡವನಿಗೆ ಕೊಡುವುದು ಶ್ರೀಮಂತನ ದಯೆಯಲ್ಲ, ಅದು ನ್ಯಾಯ, ಕೊಡಲೇಬೇಕಾದ್ದು ಎಂಬುದು ಅವರ ಬೋಧನೆಯ ಸಾರ. ಯಹೂದಿಗಳ ಹೀಬ್ರೂ ಭಾಷೆಯಲ್ಲಿ ದಾನಕ್ಕೆ ‘ತ್ಸೆದಾಕಾ’ ಎನ್ನುತ್ತಾರೆ. ನಾವು ಹೇಳುವ ‘ಸದಕಾ’ ಅದರ ಒಡಹುಟ್ಟು ಪದ. ಹೀಬ್ರೂವಿನಲ್ಲಿ ಆ ಪದದ ಮೂಲಾರ್ಥವೇ ನ್ಯಾಯ.

1908ರಲ್ಲಿ ಅವರು ಹುಟ್ಟಿದ ಸ್ಪ್ರಿಂಗ್‌ಫೀಲ್ಡಿನಲ್ಲೇ ಕಪ್ಪು ಜನರ ಮೇಲೆ ಘೋರ ದಂಗೆ ನಡೆಯಿತು. ಲಿಂಕನ್ ಅವರ ಊರಿನಲ್ಲಿ ಮನೆಗಳು ಉರಿದವು, ಜನರನ್ನು ಕೊಂದರು. ಅದಕ್ಕೆ ಐದು ವರ್ಷ ಮುಂಚೆ ರಷ್ಯಾ ಸಾಮ್ರಾಜ್ಯದ ಕಿಷಿನೇವ್ ಎಂಬಲ್ಲಿ ಯಹೂದಿಗಳ ಮೇಲೆ ಇಂಥದೇ ದಾಳಿಯಾಗಿತ್ತು. ಶತಮಾನಗಳ ಕಾಲ ಹಿಂಸೆ ಉಂಡ ಜನಾಂಗದಲ್ಲಿ ಹುಟ್ಟಿದ್ದರಿಂದಲೋ ಏನೋ ಕಪ್ಪು ಜನರ ಸಂಕಟ ತಮಗೆ ತಟ್ಟುತ್ತದೆ ಎಂಬರ್ಥದ ಮಾತನ್ನು ಅವರು ಮುಂದೆ ಆಡಿದರು. ತನ್ನವರ ಮೇಲಾದ ಅನ್ಯಾಯವನ್ನು ನೆನೆದು ಬೇರೆಯವರನ್ನು ದ್ವೇಷಿಸುವವರಿದ್ದಾರೆ. ಇವರು ಅದನ್ನೇ ನೆನೆದು ಬೇರೆಯವರ ನೋವನ್ನು ಅರ್ಥ ಮಾಡಿಕೊಂಡರು. ನಾನು ಗೆಳತಿಗೆ ತೋರಿಸಬೇಕೆಂದಿದ್ದ ಭಾಗ ಇದು.

1910ರಲ್ಲಿ ಅವರು ಒಂದು ಘೋಷಣೆ ಮಾಡಿದರು. ಯಾವ ನಗರದಲ್ಲಿ ಕಪ್ಪು ಯುವಕರಿಗಾಗಿ ವೈಎಂಸಿಎ ಕಟ್ಟಡ ಕಟ್ಟಲು ಜನರು 75,000 ಡಾಲರ್ ಕೂಡಿಸುತ್ತಾರೋ ಅಲ್ಲಿಗೆ ತಾವು 25,000 ಡಾಲರ್ ಸೇರಿಸುವುದಾಗಿ ಹೇಳಿದರು. ಕೊಡುವವರು ಯಹೂದಿ, ಸಂಸ್ಥೆ ಕ್ರೈಸ್ತರದು, ಉಪಯೋಗ ಕಪ್ಪು ಜನರಿಗೆ. ಇಪ್ಪತ್ತಕ್ಕೂ ಹೆಚ್ಚು ನಗರಗಳಲ್ಲಿ ಇಂಥ ಕಟ್ಟಡಗಳಾದವು.

ಮರುವರ್ಷ ಅವರಿಗೆ ಬೂಕರ್ ಟಿ. ವಾಷಿಂಗ್ಟನ್ ಪರಿಚಯವಾದರು. ವಾಷಿಂಗ್ಟನ್ ಗುಲಾಮರಾಗಿ ಹುಟ್ಟಿ, ಅಲಬಾಮಾ ರಾಜ್ಯದ ಟಸ್ಕೀಗಿ ಎಂಬಲ್ಲಿ ಕಪ್ಪು ಜನರಿಗಾಗಿ ದೊಡ್ಡ ವಿದ್ಯಾಸಂಸ್ಥೆ ಕಟ್ಟಿದವರು. 1912ರಲ್ಲಿ ತಮಗೆ ಐವತ್ತು ತುಂಬಿದಾಗ ರೋಸೆನ್‌ವಾಲ್ಡ್ ಹಲವು ಸಂಸ್ಥೆಗಳಿಗೆ ಹಣ ಹಂಚಿದರು. ಟಸ್ಕೀಗಿಗೆ ಬಂದದ್ದು 25,000 ಡಾಲರ್. ಅದರಲ್ಲಿ ಸ್ವಲ್ಪ ಉಳಿದಾಗ ವಾಷಿಂಗ್ಟನ್, ಇದನ್ನು ಸುತ್ತಲ ಹಳ್ಳಿಗಳಲ್ಲಿ ಆರು ಸಣ್ಣ ಶಾಲೆ ಕಟ್ಟಲು ಬಳಸಬಹುದೇ ಎಂದು ಕೇಳಿದರು. ರೋಸೆನ್‌ವಾಲ್ಡ್ ಒಪ್ಪಿದರು. ಮೊದಲನೆಯದು ಲೋಚಪೋಕಾ ಎಂಬ ಹಳ್ಳಿಯಲ್ಲಿ 1913ರಲ್ಲಿ ಎದ್ದು ನಿಂತಿತು. ಒಟ್ಟು ಖರ್ಚು ಸಾವಿರ ಡಾಲರ್ ಒಳಗೆ. ರೋಸೆನ್‌ವಾಲ್ಡ್ ಕೊಟ್ಟದ್ದು 300. ಊರಿನ ಕಪ್ಪು ಜನರು ನಗದು ಕೊಟ್ಟರು, ಮೈಮುರಿದು ದುಡಿದರು. ಬಿಳಿಯ ನೆರೆಹೊರೆಯವರೂ ಕೊಟ್ಟರು.

ಷರತ್ತು ಸ್ಪಷ್ಟವಾಗಿತ್ತು. ಊರಿನವರು ತಮ್ಮ ಪಾಲು ಹಾಕಬೇಕು. ಹಣ, ಜಾಗ, ಮರ, ಕೂಲಿ, ಯಾವುದಾದರೂ ಸರಿ. ಕಟ್ಟಿದ ಶಾಲೆಯನ್ನು ಸರ್ಕಾರ ತನ್ನದೆಂದು ಒಪ್ಪಿಕೊಂಡು ಶಿಕ್ಷಕರ ಸಂಬಳ ಕೊಟ್ಟು ನಡೆಸಬೇಕು. ಇವೆರಡೂ ಆದ ಕಡೆ ತಮ್ಮ ಪಾಲು ಬರುತ್ತದೆ.

ಜನ ಹೇಗೆ ಕೂಡಿಸಿದರು ಎಂಬ ವಿವರಗಳನ್ನು ಓದಿದರೆ ಕಣ್ಣು ಒದ್ದೆಯಾಗುತ್ತದೆ. ಗೇಣಿ ಹೊಲದಲ್ಲಿ ಹತ್ತಿ ಬೆಳೆಯುತ್ತಿದ್ದವರು ಒಂದಿಷ್ಟು ಸಾಲುಗಳನ್ನು ಶಾಲೆಗೆಂದು ಬಿಟ್ಟರು. ಕೋಳಿ ಮಾರಿದರು. ಹೆಂಗಸರು ಅಡುಗೆ ಮಾಡಿ ಊಟದ ಪೊಟ್ಟಣ ಮಾರಿದರು. ಅಲಬಾಮಾದ ಒಂದು ಸಭೆಯಲ್ಲಿ, ಗುಲಾಮಗಿರಿಯ ಕಾಲವನ್ನು ಕಂಡಿದ್ದ ಮುದುಕರೊಬ್ಬರು ಜಿಡ್ಡುಗಟ್ಟಿದ ಹಳೆಯ ಚೀಲವನ್ನು ತಂದು ಮೇಜಿನ ಮೇಲೆ ಸುರಿದರಂತೆ. ಜೀವಮಾನದ ಉಳಿತಾಯ, 38 ಡಾಲರ್. ತನಗಂತೂ ಓದಲಾಗಲಿಲ್ಲ, ಮೊಮ್ಮಕ್ಕಳ ಮಕ್ಕಳಿಗಾದರೂ ಅವಕಾಶ ಸಿಗಲಿ ಎಂಬುದು ಅವರ ಆಸೆ.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ರೋಸೆನ್‌ವಾಲ್ಡ್ ನನಗೆ ಯಾಕೆ ಇಷ್ಟು ಮುಖ್ಯರಾದರು ಎಂಬುದು ಅದಿಲ್ಲದೆ ಗೊತ್ತಾಗುವುದಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಒಂದು ಸಂಘದವರು ನನಗೆ ಐದು ಸಾವಿರ ರೂಪಾಯಿ ವಿದ್ಯಾರ್ಥಿವೇತನ ಕೊಟ್ಟರು. ಆ ಹಣದಿಂದ ಅಡ್ಮಿಷನ್ ಆಯಿತು, ಅದಕ್ಕೆ ನಾನು ಇವತ್ತಿಗೂ ಕೃತಜ್ಞಳು. ಆದರೆ ಕಾರ್ಯಕ್ರಮ ಎರಡೂವರೆ ಗಂಟೆ ನಡೆಯಿತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಕೊಡುವವರ ಫೋಟೋಗಳು. ನಮ್ಮನ್ನು ‘ಕಡು ಬಡತನದ ಮಕ್ಕಳು’ ಎಂದು ಮೈಕಿನಲ್ಲಿ ಕರೆದರು. ಚೆಕ್ಕಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ನಾಲ್ಕು ಜನರ ಕೈಯಲ್ಲಿ. ಫೋಟೋ ಸರಿ ಬರಲಿಲ್ಲವೆಂದು ವಾಪಸ್ ಕೊಡಿಸಿ ಮತ್ತೊಮ್ಮೆ ಇಸಿದುಕೊಳ್ಳಲು ಹೇಳಿದರು. ಸಂಜೆಯೊಳಗೆ ಆ ಫೋಟೋ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲೆಲ್ಲ ಹರಿದಾಡಿತು.

ಆ ವಾರ ನಾನು ಅಬ್ಬಾನ ಜೊತೆ ಸಂತೆಯಲ್ಲಿದ್ದೆ. ಹತ್ತು ವರ್ಷದಿಂದ ಬಟ್ಟೆ ಒಯ್ಯುವ ಹಳ್ಳಿಯ ಗಿರಾಕಿಯೊಬ್ಬರು ಬಂದು, "ಸಾಹೇಬ್ರ, ಮಗಳ ಫೋಟೋ ನೋಡಿದ್ವಿ. ಇಷ್ಟ ತ್ರಾಸ ಇತ್ತಂದ್ರ ನಮಗ ಹೇಳಬೇಕಿಲ್ಲೇನ್ರಿ?" ಎಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಅಬ್ಬಾ ನಕ್ಕು, ಮಡಚಿಟ್ಟಿದ್ದ ಅಂಗಿಗಳನ್ನೇ ಬಿಚ್ಚಿ ಮತ್ತೆ ಮಡಚತೊಡಗಿದರು. ಅವತ್ತು ಆ ಗಿರಾಕಿ ಎಂದಿನಂತೆ ಬೆಲೆ ಚೌಕಾಸಿ ಮಾಡಲಿಲ್ಲ. ಕೇಳಿದಷ್ಟು ಕೊಟ್ಟು ಹೋದರು. ಅಬ್ಬಾಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದರಿಂದ ಎಂದು ರಾತ್ರಿ ಅಮ್ಮಿಗೆ ಹೇಳುತ್ತಿದ್ದುದು ಕೇಳಿಸಿತು. "ಇಷ್ಟು ದಿನ ನಾನು ಅವನಿಗೆ ವ್ಯಾಪಾರಿಯಾಗಿದ್ದೆ" ಎಂದರು. ಮುಂದಿನ ಮಾತು ಆಡಲಿಲ್ಲ.

ಎರಡನೇ ವರ್ಷದ ಅರ್ಜಿ ಬಂದಾಗ ಅಬ್ಬಾ, "ನೀನೇ ಯೋಚನೆ ಮಾಡು ಬೇಟಾ, ನಿನಗೆ ಬೇಕೆನಿಸಿದರೆ ತುಂಬು" ಎಂದರು. ನಾನು ತುಂಬಲಿಲ್ಲ. ವಾರಕ್ಕೆ ನಾಲ್ಕು ಸಂತೆ ಮಾಡುತ್ತಿದ್ದ ಅಬ್ಬಾ ಐದು ಮಾಡಿದರು. ಅಮ್ಮಿ ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಹೆಚ್ಚಿಗೆ ಹಿಡಿದರು. ಕಾಲೇಜಿನ ಕಚೇರಿಯಲ್ಲಿ ಫೀಸನ್ನು ಮೂರು ಕಂತು ಮಾಡಿಕೊಟ್ಟರು, ಯಾರಿಗೂ ಗೊತ್ತಾಗದಂತೆ. ಇದು ಹಮ್ಮು ಎಂದು ಕೆಲವರಿಗೆ ಅನಿಸಬಹುದು. ಆದರೆ ನನ್ನ ಹಾಗೆ ಅರ್ಜಿಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡವರು ನಮ್ಮ ತರಗತಿಯಲ್ಲೇ ಇನ್ನೂ ಇಬ್ಬರಿದ್ದಾರೆ. ಅವರಲ್ಲೊಬ್ಬಳಿಗೆ ಮನೆಯಲ್ಲಿ ಐದನೇ ಸಂತೆ ಇರಲಿಲ್ಲ. ಆಕೆ ಅರ್ಧ ವರ್ಷಕ್ಕೆ ಓದು ಬಿಟ್ಟಳು.

ಹಾಗಾಗಿ ರೋಸೆನ್‌ವಾಲ್ಡ್ ಶಾಲೆಗಳ ಲೆಕ್ಕ ನೋಡಿದಾಗ ನಾನು ಪೆನ್ಸಿಲ್ ಹಿಡಿದು ಕುಳಿತೆ. 1912ರಿಂದ 1932ರವರೆಗೆ 15 ರಾಜ್ಯಗಳಲ್ಲಿ 4,977 ಶಾಲೆಗಳು. ಜೊತೆಗೆ 217 ಶಿಕ್ಷಕರ ಮನೆಗಳು, ಕಸುಬು ಕಲಿಸುವ 163 ಕಟ್ಟಡಗಳು. ಒಟ್ಟು ವೆಚ್ಚ ಸುಮಾರು 2.8 ಕೋಟಿ ಡಾಲರ್. ಅದರಲ್ಲಿ ಹೆಚ್ಚಿನ ಪಾಲು ಸರ್ಕಾರದ ತೆರಿಗೆ ಹಣ. ರೋಸೆನ್‌ವಾಲ್ಡ್ ನಿಧಿಯದು ಸುಮಾರು 43 ಲಕ್ಷ. ಕಪ್ಪು ಜನರು ತಮ್ಮ ಬಡತನದಿಂದ ಎತ್ತಿ ಕೊಟ್ಟದ್ದು ಸುಮಾರು 47 ಲಕ್ಷ. ಪಡೆದವರು ಕೊಟ್ಟವರಿಗಿಂತ ಹೆಚ್ಚು ಕೊಟ್ಟಿದ್ದರು! ಅವರು ಯಾರೂ ವೇದಿಕೆ ಹತ್ತಿ ಚೆಕ್ಕಿನ ತುದಿ ಹಿಡಿದು ನಿಲ್ಲಬೇಕಾಗಲಿಲ್ಲ. ಶಾಲೆಯಲ್ಲಿ ಅವರೂ ಪಾಲುದಾರರು. ಪಾಲುದಾರಿಕೆಯ ಬಗ್ಗೆ ಈ ವರ್ಷ ನಾವು ಮಾಡಿದ ಲೆಕ್ಕಗಳಲ್ಲೆಲ್ಲ ನನಗೆ ಹಿಡಿಸಿದ ಲೆಕ್ಕ ಇದು.

ಶಾಲೆಗಳ ನಕ್ಷೆಯನ್ನೂ ಮೊದಲು ಟಸ್ಕೀಗಿಯ ಕಪ್ಪು ಶಿಕ್ಷಕರೇ ಮಾಡಿದರು. ಅವರಲ್ಲಿ ರಾಬರ್ಟ್ ಟೇಲರ್, ಅಮೆರಿಕದ ಹೆಸರಾಂತ ತಂತ್ರಜ್ಞಾನ ಸಂಸ್ಥೆ ಎಂಐಟಿಯಲ್ಲಿ ಪದವಿ ಪಡೆದ ಮೊದಲ ಕಪ್ಪು ವ್ಯಕ್ತಿ. ಹಳ್ಳಿಗಳಲ್ಲಿ ಕರೆಂಟ್ ಇರಲಿಲ್ಲ. ಅದಕ್ಕೆ ಪೂರ್ವ-ಪಶ್ಚಿಮದ ಬೆಳಕು ಬರುವಂತೆ ಎತ್ತರದ ಕಿಟಕಿಗಳ ಸಾಲನ್ನೇ ಇಟ್ಟರು. ಮಕ್ಕಳ ಪುಸ್ತಕದ ಮೇಲೆ ಬೆಳಕು ಬೀಳಬೇಕು ಎಂಬುದೇ ಆ ಕಟ್ಟಡಗಳ ಅಲಂಕಾರ. 1928ರ ಹೊತ್ತಿಗೆ ದಕ್ಷಿಣದ ಹಳ್ಳಿಗಳಲ್ಲಿ ಓದುತ್ತಿದ್ದ ಕಪ್ಪು ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಈ ಶಾಲೆಗಳಲ್ಲಿತ್ತು. ಲೇಖಕಿ ಮಾಯಾ ಏಂಜೆಲೊ ಇಂಥ ಶಾಲೆಯಲ್ಲಿ ಓದಿದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆ ಹೋರಾಡಿ, 1965ರಲ್ಲಿ ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಏಟು ತಿಂದು, ಮುಂದೆ ಅಮೆರಿಕದ ಸಂಸದರಾದ ಜಾನ್ ಲೂಯಿಸ್ ಕೂಡ ಓದಿದರು. ಈ ಶಾಲೆಗಳಿಂದ ಕಪ್ಪು-ಬಿಳಿ ಮಕ್ಕಳ ಶಿಕ್ಷಣದ ಅಂತರ ಗಣನೀಯವಾಗಿ ಕಡಿಮೆಯಾಯಿತೆಂದು ಷಿಕಾಗೋದ ಫೆಡರಲ್ ರಿಸರ್ವ್ ಬ್ಯಾಂಕಿನ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ.

ಹೊಗಳಿಕೆ ಮಾತ್ರ ಬರೆದರೆ ನ್ಯಾಯವಾಗುವುದಿಲ್ಲ. ಸೆಮಿನಾರಿನಲ್ಲಿ ಒಬ್ಬ ಸಹಪಾಠಿ, "ತೆರಿಗೆ ಕಟ್ಟುವವರಿಗೆ ಶಾಲೆ ಕೊಡುವುದು ಸರ್ಕಾರದ ಕೆಲಸ. ಬಡವರಿಂದ ಮತ್ತೆ ಹಣ ಕೇಳಿದ್ದು ಯಾಕೆ?" ಎಂದು ಕೇಳಿದ. ಸರಿಯಾದ ಪ್ರಶ್ನೆ. ಕಪ್ಪು ಜನರು ಕಟ್ಟಿದ ತೆರಿಗೆಯಲ್ಲಿ ಬಿಳಿ ಮಕ್ಕಳಿಗೆ ಒಳ್ಳೆಯ ಶಾಲೆಗಳಾಗುತ್ತಿದ್ದವು. ಅವರು ತಮ್ಮ ಶಾಲೆಗೆ ಎರಡನೇ ಸಲ ತೆರಬೇಕಾಯಿತು. ಕಪ್ಪು-ಬಿಳಿ ಮಕ್ಕಳನ್ನು ಬೇರೆ ಬೇರೆ ಕೂರಿಸುವ ಕಾನೂನನ್ನು ರೋಸೆನ್‌ವಾಲ್ಡ್ ಶಾಲೆಗಳು ಮುರಿಯಲಿಲ್ಲ, ಅದರೊಳಗೇ ಕೆಲಸ ಮಾಡಿದವು. ಆ ಕಾನೂನು ಬೀಳಲು 1954ರ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು. ಆದರೆ ಅಷ್ಟರಲ್ಲಿ ಆ ಶಾಲೆಗಳಲ್ಲಿ ಕಲಿತ ಮಕ್ಕಳು ದೊಡ್ಡವರಾಗಿದ್ದರು, ತಮ್ಮ ಹಕ್ಕು ಕೇಳಲು ಕಲಿತಿದ್ದರು. ಎರಡೂ ನಿಜ. ಎರಡನ್ನೂ ಹೇಳಬೇಕು.

ಮನೆಯಲ್ಲಿ ಅವರು ಹೇಗಿದ್ದರು? ಆಗಸ್ಟಾ ಮತ್ತು ಅವರಿಗೆ ಐದು ಮಕ್ಕಳು: ಲೆಸಿಂಗ್, ಅಡೆಲ್, ಈಡಿತ್, ಮರಿಯನ್, ವಿಲಿಯಂ. ಟಸ್ಕೀಗಿಗೆ ಹೋಗುವಾಗ ಹೆಂಡತಿಯನ್ನೂ ನೆಂಟರಿಷ್ಟರನ್ನೂ ರೈಲಿನಲ್ಲಿ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಹಣ ಎಲ್ಲಿಗೆ ಹೋಗುತ್ತದೆ ಎಂದು ಮನೆಯವರಿಗೂ ಗೊತ್ತಿರುತ್ತಿತ್ತು. 1911ರಲ್ಲಿ ಕುಟುಂಬ ಜರ್ಮನಿಯ ಮ್ಯೂನಿಕ್‌ಗೆ ಹೋದಾಗ ಎಂಟು ವರ್ಷದ ವಿಲಿಯಂ ಅಲ್ಲಿನ ವಿಜ್ಞಾನ ಸಂಗ್ರಹಾಲಯದಲ್ಲಿ ಯಂತ್ರಗಳನ್ನು ತಾನೇ ತಿರುಗಿಸಿ ನೋಡುತ್ತ ಮೈಮರೆತನಂತೆ. ಮಗನ ಆ ಸಂತೋಷವನ್ನು ತಂದೆ ಮರೆಯಲಿಲ್ಲ. ಹದಿನೈದು ವರ್ಷದ ಮೇಲೆ, ಷಿಕಾಗೋದ ಮಕ್ಕಳಿಗೂ ಅಂಥದೊಂದು ಬೇಕೆಂದು 30 ಲಕ್ಷ ಡಾಲರ್ ಕೊಡಲು ಮುಂದಾದರು. ಅದಕ್ಕೆ ಮೊದಲು ಅವರದೇ ಹೆಸರಿಟ್ಟಿದ್ದರು. ಅವರು ತೆಗೆಸಿದರು. ಊರಿನ ಸಂಗ್ರಹಾಲಯ ಊರಿನವರದಾಗಿರಬೇಕು ಎಂಬುದು ಅವರ ಅಭಿಪ್ರಾಯ. ಇವತ್ತಿಗೂ ಷಿಕಾಗೋದಲ್ಲಿ ಅದು ನಡೆಯುತ್ತಿದೆ.

ವ್ಯಾಪಾರದಲ್ಲೂ ಅವರು ಮನೆಯ ಯಜಮಾನನಂತೆಯೇ ನಡೆದುಕೊಂಡರು. 1916ರಲ್ಲಿ ನೌಕರರಿಗೆ ಲಾಭದಲ್ಲಿ ಪಾಲು ಸಿಗುವ ಉಳಿತಾಯ ಯೋಜನೆ ತಂದರು. ಮೊದಲನೇ ಮಹಾಯುದ್ಧದ ನಂತರದ ಮುಗ್ಗಟ್ಟಿನಲ್ಲಿ, 1921ರಲ್ಲಿ, ಕಂಪನಿ ಮುಳುಗುವ ಹಂತಕ್ಕೆ ಬಂದಾಗ ತಮ್ಮ ಸ್ವಂತ ಆಸ್ತಿಯಿಂದ ಸುಮಾರು 2 ಕೋಟಿ ಡಾಲರ್ ಒಡ್ಡಿ ಉಳಿಸಿದರು. 1929ರಲ್ಲಿ ಷೇರುಪೇಟೆ ಕುಸಿದಾಗ, ಸಾಲ ಮಾಡಿ ಷೇರು ಕೊಂಡು ಸಿಕ್ಕಿಬಿದ್ದ ನೌಕರರ ಖಾತೆಗಳಿಗೆ ತಾವೇ ಜಾಮೀನು ನಿಂತರು. ಅದೇ ವರ್ಷ ಅವರು ಆಗಸ್ಟಾ ಅವರನ್ನು ಕಳೆದುಕೊಂಡಿದ್ದರು.

1932ರ ಜನವರಿ 6ರಂದು ಅವರು ತೀರಿಕೊಂಡರು. ಬದುಕಿನಲ್ಲಿ ಕೊಟ್ಟದ್ದು 6 ಕೋಟಿ ಡಾಲರಿಗೂ ಮೇಲೆ ಎಂದು ಲೆಕ್ಕ. ಆದರೆ ಅವರ ಹೆಸರು ರಾಕ್‌ಫೆಲರ್, ಕಾರ್ನೆಗಿ ಅವರ ಹೆಸರಿನಷ್ಟು ಪ್ರಸಿದ್ಧವಲ್ಲ. ಅದಕ್ಕೆ ಕಾರಣ ಅವರೇ. ತಮ್ಮ ನಿಧಿಯ ಅಸಲನ್ನೂ ಬಡ್ಡಿಯನ್ನೂ ತಾವು ಸತ್ತ 25 ವರ್ಷದೊಳಗೆ ಪೂರ್ತಿ ಖರ್ಚು ಮಾಡಿ ಮುಗಿಸಬೇಕು ಎಂದು ಕರಾರು ಹಾಕಿದ್ದರು. ಸತ್ತವರ ಹಣ ಶತಮಾನಗಟ್ಟಲೆ ಬ್ಯಾಂಕಿನಲ್ಲಿ ಕೂಡುವುದಕ್ಕಿಂತ ಬದುಕಿರುವವರಿಗೆ ಈಗಲೇ ಸಿಗಲಿ, ಮುಂದಿನ ಕಾಲದ ಕಷ್ಟಕ್ಕೆ ಆ ಕಾಲದವರು ಕೊಡುತ್ತಾರೆ ಎಂಬ ನಂಬಿಕೆ. ನಿಧಿಯವರು ಗಾಯಕಿ ಮರಿಯನ್ ಆಂಡರ್ಸನ್, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅಂಥ ಎಷ್ಟೋ ಜನರಿಗೆ ಫೆಲೋಶಿಪ್ ಕೊಟ್ಟು, 1948ರಲ್ಲಿ ಖಾತೆ ಮುಚ್ಚಿ ಬಾಗಿಲು ಹಾಕಿದರು. ಶಾಲೆಗಳಿಗೆ ಅವರ ಹೆಸರಿಡಬೇಕೆಂಬ ಷರತ್ತು ಎಲ್ಲೂ ಇರಲಿಲ್ಲ. ಆದರೂ ಎಷ್ಟೋ ಶಾಲೆಗಳಲ್ಲಿ ಜನರೇ ಅವರ ಚಿತ್ರ ತೂಗುಹಾಕಿದರು.

ನಮ್ಮ ಕಾಲೇಜಿನ ಮೊದಲ ಕೊಠಡಿಗಳು ಹೇಗೆ ಎದ್ದವು ಎಂದು ನಮ್ಮ ಹಿರಿಯ ಅಟೆಂಡರ್ ಚಾಚಾ ಅವರನ್ನು ಕೇಳಿದೆ. ಮುಖ್ಯ ಬಾಗಿಲಿನ ಪಕ್ಕದ ಕಲ್ಲಿನಲ್ಲಿ ದೊಡ್ಡ ದಾನಿಗಳ ಹೆಸರುಗಳಿವೆ, ನಾವೆಲ್ಲ ಓದಿದ್ದೇವೆ. ಕಲ್ಲಿನಲ್ಲಿ ಇಲ್ಲದ್ದನ್ನು ಚಾಚಾ ಹೇಳಿದರು. ಮೊಹಲ್ಲಾದ ಹೆಂಗಸರು ದಿನವೂ ಅನ್ನಕ್ಕಿಡುವ ಮೊದಲು ಒಂದು ಮುಷ್ಟಿ ಅಕ್ಕಿ ಬೇರೆ ಡಬ್ಬಿಗೆ ಹಾಕಿಡುತ್ತಿದ್ದರಂತೆ. ವಾರಕ್ಕೊಮ್ಮೆ ಅದನ್ನು ಕೂಡಿಸಿ ಮಾರಿ ಸಿಮೆಂಟ್ ತರುತ್ತಿದ್ದರಂತೆ. ಗೌಂಡಿಗಳು ಶುಕ್ರವಾರದ ನಮಾಜಿನ ನಂತರದ ಅರ್ಧ ದಿನ ಕೂಲಿ ತೆಗೆದುಕೊಳ್ಳದೆ ದುಡಿದರಂತೆ. ಪಕ್ಕದ ಓಣಿಯ ಗೌಡರೊಬ್ಬರು ಎರಡು ಲಾರಿ ಮರಳು ಇಳಿಸಿ, ಹೆಸರು ಬರೆಯಬೇಡಿ ಎಂದರಂತೆ. ಅಂದರೆ ಈ ಗೋಡೆಗಳಲ್ಲಿ ನಮ್ಮ ದಾದಿ-ನಾನಿಯರ ಅಕ್ಕಿಯೂ ಇದೆ. ನಾವು ಇಲ್ಲಿ ಯಾರ ಹಂಗಿನಲ್ಲೂ ಕೂತಿಲ್ಲ.

ಹೀಗಿರುವಾಗ ಈಗಿನ ನೆರವನ್ನೂ ಅದೇ ರೀತಿ ಕೊಡಲು ಸಾಧ್ಯವಿಲ್ಲವೇ? ಉಪನ್ಯಾಸಕರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಹೊರಗಿನ ಸಂಘಗಳು ನಮ್ಮ ಕಾಲೇಜಿನ ಮೂಲಕ ವಿದ್ಯಾರ್ಥಿವೇತನ ಕೊಡುವಾಗ ಹಣ ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಹೋಗಲಿ. ವೇದಿಕೆಯನ್ನು ರ‍್ಯಾಂಕ್ ಬಂದವರಿಗೆ, ಆಟದಲ್ಲಿ ಗೆದ್ದವರಿಗೆ ಇಟ್ಟುಕೊಳ್ಳೋಣ. ಸಂಘದವರಿಗೆ ಲೆಕ್ಕ ಬೇಕು, ಅದು ನ್ಯಾಯ. ಎಷ್ಟು ಜನಕ್ಕೆ ಎಷ್ಟು ಹಣ, ಅವರ ಹಾಜರಿ ಎಷ್ಟು, ಫಲಿತಾಂಶ ಏನು ಎಂಬುದನ್ನು ಹೆಸರಿಲ್ಲದೆ ಬರೆದು ಕೊಡಬಹುದು.

ದ್ವಿತೀಯ ಪಿಯುಸಿಯ ನನ್ನ ಗೆಳೆಯ ಗೆಳತಿಯರಲ್ಲಿ ಇನ್ನೊಂದು ಕೋರಿಕೆ. ಪರೀಕ್ಷೆ ಮುಗಿದ ಮೇಲೆ ನಮ್ಮ ಪಠ್ಯಪುಸ್ತಕಗಳನ್ನು ರದ್ದಿಗೆ ಹಾಕದೆ ಗ್ರಂಥಾಲಯಕ್ಕೆ ಕೊಡೋಣ. ವಾಣಿಜ್ಯ ವಿಭಾಗದ ನಾವು ಇಪ್ಪತ್ತು ಜನ ತಿಂಗಳಿಗೆ ಹತ್ತು ರೂಪಾಯಿಯಂತೆ ಈಗಾಗಲೇ ಕೂಡಿಸುತ್ತಿದ್ದೇವೆ. ನಾವು ಕೂಡಿಸಿದಷ್ಟನ್ನೇ ಸೇರಿಸುವುದಾಗಿ ಇಬ್ಬರು ಉಪನ್ಯಾಸಕರು ಒಪ್ಪಿದ್ದಾರೆ. ಪುಸ್ತಕ ಪಡೆದವರು ಶನಿವಾರ ಮಧ್ಯಾಹ್ನ ಒಂದು ಗಂಟೆ ಕುಳಿತು ಬೇರೆ ಪುಸ್ತಕಗಳಿಗೆ ರಟ್ಟು ಹಾಕಬೇಕು, ಹರಿದ ಹಾಳೆ ಅಂಟಿಸಬೇಕು. ಕೊಟ್ಟವರೂ ಕೂರಬೇಕು. ಯಾರು ಕೊಟ್ಟವರು, ಯಾರು ಪಡೆದವರು ಎಂದು ಆ ಮೇಜಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಜಮಾ-ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಅದರಲ್ಲಿ ಅಂಕಿಗಳಿರುತ್ತವೆ, ಹೆಸರುಗಳಿರುವುದಿಲ್ಲ.

ಅರ್ಧಕ್ಕೆ ಓದು ಬಿಟ್ಟ ಗೆಳತಿಯ ಮನೆಗೆ ಹೋದ ವಾರ ಹೋಗಿದ್ದೆ. ಅವಳಿಗಾಗಿ ಮೊದಲ ವರ್ಷದ ಐದು ಪುಸ್ತಕ ಎತ್ತಿಟ್ಟಿದ್ದೇವೆ ಎಂದು ಹೇಳಿ, ಶನಿವಾರದ ರಟ್ಟು ಹಾಕುವ ಕೆಲಸಕ್ಕೆ ಕೈ ಸಾಲುತ್ತಿಲ್ಲ, ಬಾ ಎಂದು ಕರೆದೆ. ಜೂನ್‌ನಲ್ಲಿ ಮತ್ತೆ ಸೇರುವ ವಿಚಾರ ಅವಳ ತಂದೆಯನ್ನು ಕೇಳುತ್ತಾಳಂತೆ. ಶನಿವಾರ ಬರುವುದಂತೂ ಖಂಡಿತ ಎಂದಳು.